ಮಕ್ಕಳೊಡನೆ ಹೊಳೆಯ ದಂಡೆಗೆ

ನದಿಗಳು ಮೆಕ್ಕಲು ಮಣ್ಣನ್ನು ಹೊತ್ತು ತಂದು ಹರಡುತ್ತವೆ ಎಂದು ನಾನು ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ; ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕಗಳನ್ನೂ ಪಡೆದಿದ್ದೆ. ಅದೇ ಸಂಜೆ ಹೊಳೆಗೆ ಇಳಿದು, ಮೊಳಕಾಲವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದು ತಾಯಿಯಿಂದ ಬೈಸಿಕೊಂಡಾಗ, ಪುಸ್ತಕದ ಆ ಮೆಕ್ಕಲು ಮಣ್ಣೆಂದರೆ ನನ್ನ ಕಾಲಿಗೆ ಹತ್ತಿದ ಈ ಕೆಸರೇ ಎಂಬುದು ತಿಳಿದಿರಲಿಲ್ಲ. ಎರಡಕ್ಕೂ ನಂಟು ಬೆಸೆಯುವವರು ಯಾರೂ ಇರಲಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡವನ್ನು ಬೋಧಿಸಿದ ನಾನು ಇಂದು ವಿಜ್ಞಾನದ ಪಾಠವನ್ನು ಕುರಿತು ಮಾತನಾಡುವ ಸಾಹಸ ಮಾಡುತ್ತಿರುವುದು ಆ ಕೊರತೆಯ ನೆನಪಿನಿಂದ.

ಮಕ್ಕಳನ್ನು ಹೊರಗೆ ಕರೆದೊಯ್ಯುವ ವಾಡಿಕೆ ನಮ್ಮ ಶಾಲೆಗಳಲ್ಲಿ ಇಲ್ಲವೆಂದಲ್ಲ. ಒಮ್ಮೆ ನಾನು ಅತಿಥಿಯಾಗಿ ಅಂಥದೊಂದು ಪ್ರವಾಸದಲ್ಲಿ ಹೋಗಿದ್ದೆ. ನಸುಕಿನಲ್ಲಿ ಹೊರಟು ಒಂದೇ ದಿನದಲ್ಲಿ ಆರು ಸ್ಥಳಗಳನ್ನು ನೋಡಿದೆವು. ಮಕ್ಕಳ ಟಿಪ್ಪಣಿ ಪುಸ್ತಕಗಳಲ್ಲಿ ಆಯಾ ಸ್ಥಳದ ನಾಮಫಲಕಗಳ ಬರಹವೇ ನಕಲಾಗಿತ್ತು. ಶಿಕ್ಷಕರ ಶ್ರಮಕ್ಕೆ ಕೊರತೆಯಿರಲಿಲ್ಲ. ಆದರೆ ಆ ಮಕ್ಕಳ ಮನಸ್ಸಿನಲ್ಲಿ ಹೊರಡುವ ಮುನ್ನ ಒಂದು ಪ್ರಶ್ನೆಯೂ ಇರಲಿಲ್ಲ, ಮರಳಿದ ಮೇಲೆಯೂ ಇರಲಿಲ್ಲ.

ವಿಜ್ಞಾನ ಸಂಚಾರದ ಮೊದಲ ಸಿದ್ಧತೆ ವಾಹನವಲ್ಲ, ಪ್ರಶ್ನೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಸಾಹಿತ್ಯಪ್ರಿಯರಿಗೆಲ್ಲ ಗೊತ್ತು. ಅದು ಹುಟ್ಟಿದ್ದು ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವದಿಂದ. ಅವರು ಕರೆದೊಯ್ದದ್ದು ಕಾಲೇಜಿನ ತರುಣರನ್ನು. ಐದನೆಯ ತರಗತಿಯ ಮಕ್ಕಳಿಗೆ ಘಟ್ಟದ ಕಾಡು ಬೇಕಿಲ್ಲ. ಊರ ಹೊಳೆ ಸಾಕು.

ನಿಪ್ಪಾಣಿ ಸೀಮೆಯ ಭೋಜ ಗ್ರಾಮವನ್ನೇ ತೆಗೆದುಕೊಳ್ಳೋಣ. ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಬರುವ ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವುದು ಈ ಊರಿನ ಬಳಿಯಲ್ಲಿ. ಕೂಡಿದ ನೀರು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿಯ ಶಿಕ್ಷಕರು ಮಕ್ಕಳ ಮುಂದೆ ಒಂದೇ ಪ್ರಶ್ನೆ ಇಡಬಹುದು: ಈ ಎರಡು ಹೊಳೆಗಳಲ್ಲಿ ಹೆಚ್ಚು ಮಣ್ಣನ್ನು ಹೊತ್ತು ತರುವುದು ಯಾವುದು? ಇದರ ಉತ್ತರ ಪುಸ್ತಕದಲ್ಲಿಲ್ಲ. ಮಳೆ ಎಲ್ಲಿ ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ವಾರದಿಂದ ವಾರಕ್ಕೆ ಅದು ಬದಲಾಗುತ್ತದೆ. ಆದ್ದರಿಂದ ಮಕ್ಕಳು ತಾವೇ ಕಂಡುಹಿಡಿಯಬೇಕು.

ಕಂಡುಹಿಡಿಯುವ ಬಗೆ ಸರಳವಾದುದು. ಮಳೆಗಾಲ ಇಳಿಮುಖವಾಗಿ ಹೊಳೆ ಶಾಂತವಾದ ಮೇಲೆ, ನೀರಿನ ಕೆಂಪು ಮಾಸುವ ಮೊದಲು, ಸಂಗಮದ ಮೇಲ್ಭಾಗದಲ್ಲಿ ಎರಡೂ ಹೊಳೆಗಳಿಂದ ಒಂದೊಂದು ಶೀಸೆ, ಸಂಗಮದ ಕೆಳಗೆ ಮೂರನೆಯದೊಂದು ಶೀಸೆ ನೀರನ್ನು ತರಿಸಬೇಕು. ಈ ಕೆಲಸ ಹಿರಿಯರದು, ಮಕ್ಕಳದಲ್ಲ. ಒಂದೇ ಅಳತೆಯ ಶೀಸೆಗಳು, ಒಂದೇ ಪ್ರಮಾಣದ ನೀರು, ಮೇಲೆ ಸ್ಥಳ ಮತ್ತು ದಿನಾಂಕದ ಚೀಟಿ. ತರಗತಿಯ ಕಿಟಕಿಯಲ್ಲಿ ಅಲುಗಾಡದಂತೆ ಇಟ್ಟು, ದಿನವೂ ಅದೇ ಹೊತ್ತಿಗೆ ತಳದಲ್ಲಿ ನಿಂತ ಮಣ್ಣಿನ ದಪ್ಪವನ್ನು ಅಳತೆಪಟ್ಟಿಯಿಂದ ನೋಡಿ ಬರೆದಿಡಬೇಕು. ಮೂರನೆಯ ಶೀಸೆಯಲ್ಲಿ ಎಷ್ಟು ನಿಲ್ಲಬಹುದೆಂದು ಮಕ್ಕಳು ಮೊದಲೇ ಊಹಿಸಿ ಬರೆಯಲಿ. ಊಹೆ ತಪ್ಪಿದರೆ ಅಂಕ ಕಳೆಯಬಾರದು; ಏಕೆ ತಪ್ಪಿತೆಂದು ಕೇಳಬೇಕು.

ಆಮೇಲೆ ಸಂಚಾರ. ಅದು ಡಿಸೆಂಬರ್ ಅಥವಾ ಜನವರಿಯಲ್ಲಿ, ನೀರು ತಗ್ಗಿ ದಂಡೆ ಒಣಗಿದಾಗ ನಡೆಯಲಿ. ವಾರದ ಮೊದಲು ಶಿಕ್ಷಕರು ಅದೇ ಹೊತ್ತಿನಲ್ಲಿ ಆ ದಾರಿಯನ್ನು ನಡೆದು ನೋಡಿ ಬರಬೇಕು: ನೆರಳು ಎಲ್ಲಿದೆ, ದಂಡೆ ಎಲ್ಲಿ ಕುಸಿದಿದೆ, ಕಬ್ಬಿನ ಗಾಡಿಗಳು ಯಾವ ರಸ್ತೆಯಲ್ಲಿ ಓಡಾಡುತ್ತವೆ. ತಂದೆತಾಯಿಗಳ ಒಪ್ಪಿಗೆ ಬರಹದಲ್ಲಿರಲಿ. ಮೂವತ್ತು ಮಕ್ಕಳಿದ್ದರೆ ಐದೈದು ಮಂದಿಯ ಆರು ಗುಂಪು, ಗುಂಪಿಗೊಬ್ಬ ಹಿರಿಯರು. ಪ್ರತಿಯೊಂದು ಗುಂಪಿನಲ್ಲಿ ಅಳೆಯುವವರು, ಬರೆಯುವವರು, ಚಿತ್ರ ತೆಗೆಯುವವರು ಬೇರೆಬೇರೆ ಇರಲಿ. ಎರಡು ಗಂಟೆಗಿಂತ ಹೆಚ್ಚು ಬೇಡ. ನೀರಿಗಿಳಿಯುವ ಮಾತೇ ಬೇಡ.

ದಂಡೆಯ ಮಣ್ಣನ್ನೂ ಹೊಲದ ಎರೆಮಣ್ಣನ್ನೂ ಒಂದೊಂದು ಹಿಡಿ ತಂದು, ಗಾಜಿನ ಭರಣಿಗಳಲ್ಲಿ ನೀರು ಬೆರೆಸಿ ಕುಲುಕಿ ಇಡಿಸಿರಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ನವಿರಾದ ಹೂಳು ಗಂಟೆಗಳಲ್ಲಿ ಇಳಿಯುತ್ತದೆ. ಜೇಡಿಯ ಕಣಗಳು ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತ ಚಿಕ್ಕವಾದ್ದರಿಂದ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಶಿಲೆಯಾಗಿ, ಆ ಶಿಲೆ ಸವೆದು ನಮ್ಮ ಎರೆಭೂಮಿಯಾಯಿತೆಂಬ ಸಂಗತಿಯನ್ನು ಭರಣಿ ಎದುರಿಗಿದ್ದಾಗ ಹೇಳಿದರೆ ಮಗು ಮರೆಯುವುದಿಲ್ಲ. ಹೊಲದ ಕಾಲುವೆಯಲ್ಲಿ 10 ಮೀಟರು ಅಳೆದು ಒಣಕಡ್ಡಿಯನ್ನು ತೇಲಿಬಿಟ್ಟು, ಅದು 20 ಸೆಕೆಂಡಿನಲ್ಲಿ ಸಾಗಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರು ಎಂದು ಲೆಕ್ಕ ಹಾಕಬಹುದು. ರಭಸದ ನೀರು ಮರಳನ್ನು ಹೊತ್ತೊಯ್ಯುತ್ತದೆ, ಮಂದವಾದಲ್ಲಿ ಇಳಿಸುತ್ತದೆ. ಹೊಳೆಯ ತಿರುವಿನ ಒಳಮಗ್ಗುಲಲ್ಲಿ ಮರಳು ಬೀಳುವುದೂ ಹೊರಮಗ್ಗುಲ ದಂಡೆ ಕೊರೆಯುವುದೂ ಆ ಕಾರಣದಿಂದ.

ಈ ಭಾಗಕ್ಕೆ ವಿಶೇಷವಾದ ಒಂದು ಎಚ್ಚರಿಕೆಯನ್ನು ಹೇಳಬೇಕು. ದಾರಿಯಲ್ಲಿ ತಂಬಾಕಿನ ಹೊಲವಿದ್ದರೆ ಮಕ್ಕಳು ಎಲೆ ಮುಟ್ಟದಿರಲಿ. ಇಬ್ಬನಿಯಿಂದ ತೊಯ್ದ ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಸೇರಿ ವಾಂತಿ, ತಲೆಸುತ್ತು ತರಬಲ್ಲದು.

ಭಾಷೆಯ ಮೇಷ್ಟ್ರಾದ ನನ್ನದು ಇನ್ನೊಂದು ವಿನಂತಿ. ಮಗು ತಾನು ಕಂಡದ್ದನ್ನು ಮೊದಲು ತನ್ನ ಮಾತಿನಲ್ಲಿ ಹೇಳಲಿ. ಎರಿ, ಮಡ್ಡಿ, ಮಸಾರಿ ಎಂದು ಮಣ್ಣನ್ನು ವಿಂಗಡಿಸಿದ ರೈತರ ಮಾತಿನಲ್ಲಿ ತಲೆಮಾರುಗಳ ವೀಕ್ಷಣೆಯಿದೆ. ಈ ಗಡಿನಾಡಿನಲ್ಲಿ ಮಗುವಿನ ಬಾಯಿಗೆ ಮರಾಠಿಯ ಶಬ್ದ ಬಂದರೆ ಅದನ್ನೂ ಬರೆದುಕೊಳ್ಳಲಿ. ಪಠ್ಯದ ಪರಿಭಾಷೆ ಅದರ ಪಕ್ಕದಲ್ಲಿ ಬರಲಿ, ಅದನ್ನು ಅಳಿಸಿ ಅಲ್ಲ.

ಇಷ್ಟೆಲ್ಲ ತೊಂದರೆ ಏತಕ್ಕೆ ಎಂದು ಕೇಳುವವರುಂಟು. 2019ರಲ್ಲಿ, ಮತ್ತೆ 2021ರಲ್ಲಿ, ಈ ಹೊಳೆಗಳು ದಂಡೆ ಮೀರಿದವು. ದಂಡೆಯ ಊರುಗಳ ಮನೆಗಳಿಗೂ ಬೆಳೆಗಳಿಗೂ ನೀರು ನುಗ್ಗಿತು. ಗೋಡೆಯ ಮೇಲೆ ನೆರೆಯ ಗುರುತು ಉಳಿದಿದ್ದರೆ ಮಕ್ಕಳು ಅದರ ಎತ್ತರವನ್ನೂ ಅಳೆಯಲಿ. ಮನೆ ಕಳೆದುಕೊಂಡ ಕುಟುಂಬದ ಮಗು ಗುಂಪಿನಲ್ಲಿದ್ದರೆ ಶಿಕ್ಷಕರು ಮೊದಲೇ ಅದರೊಡನೆ ಮಾತನಾಡಿರಲಿ, ಬಲವಂತ ಬೇಡ. ಇನ್ನು ಇಪ್ಪತ್ತು ವರ್ಷಗಳಲ್ಲಿ ಎಲ್ಲಿ ಮನೆ ಕಟ್ಟಬೇಕು, ಯಾವ ಹೊಲಕ್ಕೆ ಯಾವ ಬೆಳೆ, ಯಾವಾಗ ಊರು ಬಿಡಬೇಕು ಎಂದು ನಿರ್ಧರಿಸುವವರು ಇದೇ ಮಕ್ಕಳು. ಅಂದು ಅವರಿಗೆ ಬಾಯಿಪಾಠದ ವಾಕ್ಯ ನೆರವಾಗದು.

ಮೊನ್ನೆ ನಮ್ಮ ಮನೆಯ ಚಿಕ್ಕ ಮಗುವೊಂದು ಅಂಗಳದ ಕೆಸರನ್ನು ತೋರಿಸಿ, "ಅಜ್ಜಾ, ಇದು ಎಲ್ಲಿಂದ ಬಂತು?" ಎಂದು ಕೇಳಿತು. ನಾನು ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಎರಡು ಖಾಲಿ ಶೀಸೆಗಳನ್ನು ತಂದೆ.