ಡಿಸೆಪ್ಷನ್ ದ್ವೀಪ: ಮೂವರು ಹಕ್ಕುದಾರರು, ಒಂದು ಜ್ವಾಲಾಮುಖಿ

ಗಡಿಯ ವಿಚಾರ ನಮ್ಮ ಗೋಷ್ಠಿಗೆ ಹೊಸದಲ್ಲ. ಇವತ್ತು ನಾನು ತಗೊಂಡಿರೋದು ದೂರದ ಉದಾಹರಣೆ, ಅಂಟಾರ್ಕ್ಟಿಕದ ಡಿಸೆಪ್ಷನ್ ದ್ವೀಪ. ಕಾಸರಗೋಡಿನಲ್ಲಿ 1956ರಲ್ಲಿ ಗೆರೆ ಬದಲಾಯಿತು, ಜನ ಅಲ್ಲೇ ಉಳಿದರು. ಈ ದ್ವೀಪದ ಮೇಲೆ ಮೂರು ದೇಶಗಳು ಹಕ್ಕು ಹೇಳುತ್ತವೆ, ಕಾಯಂ ನಿವಾಸಿ ಮಾತ್ರ ಒಬ್ಬರೂ ಇಲ್ಲ.

ಮೊದಲು ನೆಲದ ರಚನೆ. ದಕ್ಷಿಣ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಒಂದಾದ ಇದು ಕುದುರೆ ಲಾಳದ ಆಕಾರದ್ದು. ಹಿಂದೊಮ್ಮೆ ಭಾರಿ ಸ್ಫೋಟದಲ್ಲಿ ಶಿಲಾರಸ ಹೊರಬಿದ್ದು, ಆಧಾರ ತಪ್ಪಿದ ಬೆಟ್ಟದ ನೆತ್ತಿ ಕುಸಿಯಿತು. ಆ ಕುಳಿಗೆ ಸಮುದ್ರ ನುಗ್ಗಿತು. ಹೊರಗಿನಿಂದ ಮಾಮೂಲಿ ದ್ವೀಪದ ಹಾಗೆ ಕಾಣುತ್ತೆ. ‘ನೆಪ್ಚೂನ್ಸ್ ಬೆಲ್ಲೋಸ್’ ಎಂಬ ಕಿರಿದಾದ ಬಾಗಿಲು ದಾಟಿದರೆ ಒಳಗೆ ಶಾಂತವಾದ ಬಂದರು. ‘ಮೋಸ’ ಎಂಬರ್ಥದ ಹೆಸರು ಬಂದದ್ದು ಅದಕ್ಕೇ. ಅಂದರೆ ಹಡಗುಗಳು ಲಂಗರು ಹಾಕೋದು ಜೀವಂತ ಜ್ವಾಲಾಮುಖಿಯ ಬಾಯೊಳಗೆ!

ಆ ಬಂದರೇ ಜಗಳದ ಬೇರು. 1820ರ ದಶಕದಲ್ಲಿ ಸೀಲ್ ಬೇಟೆಗಾರರು ಬಂದರು, 20ನೇ ಶತಮಾನದ ಆರಂಭದಲ್ಲಿ ತಿಮಿಂಗಿಲ ಬೇಟೆಗಾರರು. 1912ರಿಂದ 1931ರವರೆಗೆ ನಾರ್ವೆಯ ಕಂಪನಿಯೊಂದು ಅಲ್ಲಿ ತಿಮಿಂಗಿಲದ ಎಣ್ಣೆ ತೆಗೆಯುತ್ತಿತ್ತು. ಪರವಾನಗಿ ಕೊಡುತ್ತಿದ್ದವರು ಬ್ರಿಟಿಷರು. ಮುಂದೆ ಅರ್ಜೆಂಟೀನಾ, ಚಿಲಿ ಕೂಡ ‘ಇದು ನಮ್ಮದು’ ಅಂದವು. 1953ರಲ್ಲಿ ಬ್ರಿಟಿಷ್ ಪಡೆ ಆ ಇಬ್ಬರ ಗುಡಿಸಲುಗಳನ್ನು ಕಿತ್ತುಹಾಕಿತು.

1959ರಲ್ಲಿ 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದವು. 1983ರಲ್ಲಿ ಭಾರತವೂ ಸೇರಿತು. ಅದರ 4ನೇ ವಿಧಿ ಹಳೆಯ ಹಕ್ಕುಗಳನ್ನು ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಹೊಸ ಹಕ್ಕು ಹೂಡುವಂತಿಲ್ಲ, ಅಷ್ಟೇ.

ಇನ್ನು 1967ರ ಡಿಸೆಂಬರ್. ಜ್ವಾಲಾಮುಖಿ ಸಿಡಿದು ಚಿಲಿಯ ನೆಲೆ ನಾಶವಾಯಿತು. ಚಿಲಿಯವರು ಬ್ರಿಟಿಷ್ ನೆಲೆಗೆ ಓಡಿಬಂದರು. ಆಮೇಲೆ ಚಿಲಿ ನೌಕಾಪಡೆಯ ಹಡಗಿನ ಹೆಲಿಕಾಪ್ಟರ್‌ಗಳು ಬ್ರಿಟಿಷರನ್ನೂ ಸೇರಿಸಿ ಎತ್ತಿಕೊಂಡು ಹೋದವು. 1969ರ ಸ್ಫೋಟದ ನಂತರ ಬ್ರಿಟಿಷ್ ನೆಲೆಯೂ ಮುಚ್ಚಿತು. ಈಗ ಬೇಸಿಗೆಯಲ್ಲಿ ಅರ್ಜೆಂಟೀನಾ ಮತ್ತು ಸ್ಪೇನ್‌ನ ವಿಜ್ಞಾನಿಗಳು ಅಲ್ಲಿ ನೆಲದ ನಡುಕ ಅಳೆಯುತ್ತಾರೆ.

‘ಹಾಗಾದರೆ ಜಗಳ ಮುಗೀತಾ?’ ಅಂತ ಚಾಟ್‌ನಲ್ಲಿ ಕೇಳಿದ್ದೀರಿ. ಇಲ್ಲ. ಮೂರೂ ದೇಶಗಳ ನಕ್ಷೆಯಲ್ಲಿ ದ್ವೀಪ ಇವತ್ತಿಗೂ ಅವರವರದೇ. ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಕೆಲಸ ನಡೆಸುತ್ತಿದ್ದಾರೆ. ಇದನ್ನು ನಮ್ಮ ಗಡಿಗೆ ಹಾಗೇ ಅನ್ವಯಿಸಲಾಗದು. ಮನೆ, ಶಾಲೆ, ಪಹಣಿ ಇರುವ ಕಡೆ ಪ್ರಶ್ನೆಯನ್ನು ಹಿಮದಲ್ಲಿ ಇಡೋಕಾಗಲ್ಲ. ಮಗು ಯಾವ ಭಾಷೆಯಲ್ಲಿ ಓದಬೇಕು ಅನ್ನೋದು ಈ ಜೂನ್‌ನಲ್ಲೇ ತೀರ್ಮಾನ ಆಗಬೇಕು.