ನಲವತ್ತೈದರ ದಣಿವಿಗೆ ಹಾರ್ಮೋನ್ ಗುಳಿಗೆ: ಯಾರಿಗೆ ಬೇಕು, ಯಾರಿಗೆ ಬೇಡ?

ನಮ್ಮ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದು ಹೋದರೆ ಪವರ್‌ಲೂಮ್‌ಗಳ ಸದ್ದು ಬೆನ್ನು ಬಿಡುವುದಿಲ್ಲ. ಆ ಸದ್ದಿನ ನಡುವೆಯೇ ಕುಳಿತು ಕಂಡಿಕೆ ಸುತ್ತುವ ಹೆಂಗಸರಲ್ಲಿ ನಲವತ್ತು ದಾಟಿದವರನ್ನು ಒಮ್ಮೆ ಮಾತನಾಡಿಸಿ ನೋಡಿ. "ಮೈಯಾಗ ಶಕ್ತೀನ ಇಲ್ರಿ ಆಪಾ. ರಾತ್ರಿ ನಿದ್ದಿ ಹತ್ತೂದಿಲ್ಲ. ಸುಮ್‌ಸುಮ್ನ ಸಿಟ್ಟು ಬರ್ತೈತಿ, ಅಳೂನೂ ಬರ್ತೈತಿ" ಎನ್ನುತ್ತಾರೆ. ಮನೆಯವರು ಇದಕ್ಕೆ ಇಡುವ ಹೆಸರುಗಳೂ ನಿಮಗೆ ಗೊತ್ತು: ಸೋಮಾರಿತನ, ಸಿಡುಕುತನ, ಹೆಚ್ಚೆಂದರೆ ಯಾರದೋ ನಜರ್.

ಈಗ ಮೊಬೈಲ್ ಫೋನು ಇನ್ನೊಂದು ಹೆಸರನ್ನೂ ಕಲಿಸಿದೆ. "ಹಾರ್ಮೋನ್ ಕಡಿಮೆಯಾಗಿದೆ, ತುಂಬಿಸಿಕೊಳ್ಳಿ, ಇಪ್ಪತ್ತರ ಹುರುಪು ಮರಳಿ ಬರುತ್ತದೆ" ಎಂಬ ಜಾಹೀರಾತುಗಳು ಬರುತ್ತಿವೆ. ಅದೇ ಫೋನಿನಲ್ಲಿ "ಹಾರ್ಮೋನ್ ಗುಳಿಗೆ ನುಂಗಿದರೆ ಕ್ಯಾನ್ಸರ್ ಖಚಿತ" ಎಂಬ ಸಂದೇಶವೂ ಬರುತ್ತದೆ. ಎರಡನ್ನೂ ನಂಬಬೇಡಿ. ಇದು ಟಾನಿಕ್ಕೂ ಅಲ್ಲ, ವಿಷವೂ ಅಲ್ಲ. ಕೆಲವರಿಗೆ ಬೇಕಾದ, ಕೆಲವರಿಗೆ ಬೇಡವಾದ ಒಂದು ಔಷಧಿ.

ಹೆಣ್ಣಿನ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ವಯಸ್ಸಿನಲ್ಲಿ. ಪಶ್ಚಿಮದ ದೇಶಗಳಲ್ಲಿ 51ರ ಆಸುಪಾಸು. ನಿಲ್ಲುವ ಮೊದಲಿನ ಕೆಲವು ವರ್ಷ ಈಸ್ಟ್ರೋಜನ್ ಏರಿಳಿಯುತ್ತದೆ, ಆಮೇಲೆ ಬಹಳ ಇಳಿದುಬಿಡುತ್ತದೆ. ಮೈಯ ಬಿಸಿಯನ್ನು ಹದದಲ್ಲಿಡುವ ಮಿದುಳಿನ ಭಾಗಕ್ಕೆ ಆಗ ಗೊಂದಲವಾಗುತ್ತದೆ. ಚಳಿಗಾಲದಲ್ಲೂ ಎದೆಯಿಂದ ಮುಖದವರೆಗೆ ಬಿಸಿಯ ಝಳ ಏರುತ್ತದೆ, ರಾತ್ರಿ ಹಾಸಿಗೆ ಬೆವರಿನಿಂದ ತೊಯ್ಯುತ್ತದೆ. ರಾತ್ರಿ ನಾಲ್ಕು ಸಲ ಎದ್ದವಳು ಫಜ್ರ್ ಹೊತ್ತಿಗೆ ಹೇಗಿರುತ್ತಾಳೆ, ಹಗಲಿಡೀ ಎಷ್ಟು ಸಿಡುಕುತ್ತಾಳೆ, ನೀವೇ ಊಹಿಸಿ. ಹಾರ್ಮೋನ್ ಚಿಕಿತ್ಸೆಯಿಂದ ಹುರುಪು ಬಂತು, ಮನಸ್ಸು ಹಗುರಾಯಿತು ಎಂದು ಹೆಂಗಸರು ಹೇಳುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಬಿಸಿಯ ಝಳವನ್ನೂ ರಾತ್ರಿಯ ಬೆವರನ್ನೂ ತಗ್ಗಿಸಲು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಇಲ್ಲ. ಅವು ತಗ್ಗಿದರೆ ನಿದ್ರೆ ಬರುತ್ತದೆ. ನಿದ್ರೆ ಬಂದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಇಂಥ ತೊಂದರೆಗಳೇ ಇಲ್ಲದವಳು ಬರೀ ಹುರುಪಿಗೆಂದು ಈ ಗುಳಿಗೆ ನುಂಗಿದರೆ ಹೆಚ್ಚಿನದೇನೂ ಸಿಗುವುದಿಲ್ಲ.

ಆದ್ದರಿಂದ ದಣಿವಿನ ಕಾರಣ ಯಾವುದು ಎಂದು ಮೊದಲು ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಅರ್ಧಕ್ಕರ್ಧ! ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹಲವರಿಗೆ ಸ್ರಾವ ವಿಪರೀತವಾಗುತ್ತದೆ, ಇದ್ದ ರಕ್ತವೂ ಹೋಗುತ್ತದೆ. ಅಂಥವಳಿಗೆ ಬೇಕಾದದ್ದು ಕಬ್ಬಿಣಾಂಶದ ಮಾತ್ರೆ ಮತ್ತು ಆ ಸ್ರಾವಕ್ಕೆ ಚಿಕಿತ್ಸೆ. ಥೈರಾಯ್ಡ್ ಕುಂದಿದರೂ ದಣಿವು, ಮಂಕು, ಮೈ ಊದಿಕೊಳ್ಳುವುದು ಎಲ್ಲ ಇರುತ್ತದೆ. ಸಕ್ಕರೆ ಕಾಯಿಲೆಯೂ ಹಾಗೆಯೇ ಸದ್ದಿಲ್ಲದೆ ಬಂದು ಕೂರುತ್ತದೆ. ರಕ್ತದ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಈ ಮೂರು ಪರೀಕ್ಷೆ ಮಾಡಿಸದೆ ಹಾರ್ಮೋನಿನ ಮಾತೇ ಎತ್ತಬೇಡಿ. ನಲವತ್ತೈದು ದಾಟಿದವಳಿಗೆ ಮುಟ್ಟು ನಿಲ್ಲುತ್ತಿದೆಯೇ ಎಂದು ತಿಳಿಯಲು ಮಾತ್ರ ದುಬಾರಿ ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅವಳು ಹೇಳುವ ಲಕ್ಷಣಗಳೇ ಸಾಕು.

ಮನಸ್ಸಿನ ಮಂಕು ಎರಡು ವಾರ ಮೀರಿ ಪ್ರತಿದಿನ ಇದ್ದರೆ, ಊಟ ಬೇಡ, ಯಾರೂ ಬೇಡ, ಬದುಕೇ ಬೇಡ ಎನಿಸಿದರೆ ಅದು ಖಿನ್ನತೆ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣ ಕೊಡದೆ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಕ್ಯಾನ್ಸರಿನ ಭಯ. ಅದು ಎಲ್ಲಿಂದ ಬಂತು? 1960ರ ದಶಕದಲ್ಲಿ ಅಮೆರಿಕದಲ್ಲಿ ಈ ಗುಳಿಗೆಯನ್ನು ಯೌವನ ಉಳಿಸುವ ಗುಳಿಗೆ ಎಂದೇ ಹೊಗಳಿ ಮಾರಿದರು. 1975ರಲ್ಲಿ, ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚುತ್ತದೆಂದು ತಿಳಿಯಿತು. ಅಂದಿನಿಂದ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರಾನ್ ಜಾತಿಯ ಇನ್ನೊಂದು ಹಾರ್ಮೋನನ್ನೂ ಸೇರಿಸಿ ಕೊಡುವ ಕ್ರಮ ಬಂತು. ಆಮೇಲೆ 2002ರ ಜುಲೈನಲ್ಲಿ, 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದನ್ನು ನಡುವೆಯೇ ನಿಲ್ಲಿಸಿದರು. ಜಗತ್ತಿನಾದ್ಯಂತ ಪತ್ರಿಕೆಗಳು ಬರೆದವು, ಲಕ್ಷಾಂತರ ಹೆಂಗಸರು ಗುಳಿಗೆ ಎಸೆದರು. ಆದರೆ ಆ ಲೆಕ್ಕವನ್ನು ಸಮಾಧಾನದಿಂದ ನೋಡಿ. ಗುಳಿಗೆ ಇಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಎರಡೂ ಹಾರ್ಮೋನ್ ತೆಗೆದುಕೊಂಡವರಲ್ಲಿ 38 ಮಂದಿಗೆ ಬಂತು. ಅಂದರೆ ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಪಾರ್ಶ್ವವಾಯುವೂ ಅಷ್ಟೇ ಹೆಚ್ಚಾಗಿತ್ತು. ಇದು ಸುಳ್ಳಲ್ಲ, ಕಡೆಗಣಿಸುವಂಥದ್ದೂ ಅಲ್ಲ. ಆದರೆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63! ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾದವರ ಲೆಕ್ಕವನ್ನು ನಲವತ್ತೆಂಟರವಳಿಗೆ ಅನ್ವಯಿಸಿ ಹೆದರಿಸಿದ್ದು ಸರಿಯಾಗಲಿಲ್ಲ. ಅರವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ, ತೊಂದರೆ ತೀವ್ರವಾಗಿದ್ದವರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂದು ತಜ್ಞರು ಈಗ ಹೇಳುತ್ತಾರೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯೂ ಈ ಔಷಧಿಗಳ ಮೇಲಿನ ಕಟುವಾದ ಎಚ್ಚರಿಕೆಯ ಬಹುಭಾಗವನ್ನು ತೆಗೆಯುವುದಾಗಿ ಪ್ರಕಟಿಸಿತು.

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಆಗಿದ್ದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಈ ಗುಳಿಗೆ ಸಲ್ಲದು. ಅವರಿಗೆ ಹಾರ್ಮೋನಲ್ಲದ ಬೇರೆ ಔಷಧಿಗಳಿವೆ. ಚರ್ಮಕ್ಕೆ ಹಚ್ಚುವ ಜೆಲ್ ರೂಪದ ಈಸ್ಟ್ರೋಜನ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಗುಳಿಗೆಗಿಂತ ಕಡಿಮೆ.

ನಾನು ಈ ಲೇಖನ ಬರೆಯಲು ಕೂತದ್ದು ಮುಖ್ಯವಾಗಿ ಇನ್ನೊಂದು ಗುಂಪಿನ ಸಹೋದರಿಯರಿಗಾಗಿ. ನಮ್ಮ ಕಡೆ "ಗರ್ಭಚೀಲ ತೆಗಿಸ್ಯಾಳ" ಎಂಬ ಮಾತನ್ನು ಹಲ್ಲು ಕೀಳಿಸಿದಷ್ಟು ಹಗುರಾಗಿ ಆಡುತ್ತಾರೆ. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ಹೋದವಳಿಗೆ "ಮಕ್ಕಳಾಗ್ಯಾವಲ್ಲ, ಇನ್ಯಾಕ ಬೇಕು" ಎಂದು ಹೇಳುವ ವೈದ್ಯರೂ ಇದ್ದಾರೆ. ಕಲಬುರಗಿಯಲ್ಲಿ ಹೀಗೆ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡ ಲಂಬಾಣಿ ಮತ್ತು ದಲಿತ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಅವರಲ್ಲಿ ಹಲವರು ನಲವತ್ತೂ ದಾಟದವರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿತು.

ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಮುಟ್ಟು ಮೆಲ್ಲಗೆ ನಿಲ್ಲುವುದಿಲ್ಲ, ಒಂದೇ ದಿನದಲ್ಲಿ ನಿಲ್ಲುತ್ತದೆ. ಮೂವತ್ತೈದರವಳ ಮೈ ಮರುವಾರವೇ ಐವತ್ತರವಳ ಮೈಯಾಗುತ್ತದೆ. ಬಿಸಿಯ ಝಳ, ನಿದ್ರೆಗೇಡು, ಅಳು ಎಲ್ಲ ಜೋರಾಗಿಯೇ ಬರುತ್ತವೆ. ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಸಂಭವವೂ ಹೆಚ್ಚುತ್ತದೆ. ಇವಳಿಗೆ ಕೊಡುವ ಹಾರ್ಮೋನ್ ಹುರುಪಿನ ಮದ್ದಲ್ಲ, ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದು. ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಅದನ್ನು ಕೊಡಬೇಕೆಂಬುದು ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ಮಾತು. ಗರ್ಭಕೋಶ ಇಲ್ಲದವಳಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಈಸ್ಟ್ರೋಜನ್ ಮಾತ್ರ ಪಡೆದ ಇಂಥವರ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೂ ಇಲ್ಲ. ಅಂದರೆ ಯಾರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೆ ಅಪಾಯವೂ ಕಡಿಮೆ. ಆದರೂ ಹೊಲಿಗೆ ಬಿಚ್ಚಿ ಮನೆಗೆ ಕಳಿಸುವಾಗ ಈ ಮಾತನ್ನು ಅವರಿಗೆ ಯಾರೂ ಹೇಳುವುದಿಲ್ಲ. ಅಂಡಾಶಯ ಉಳಿಸಿದ್ದರೂ ಮುಟ್ಟು ನಿಲ್ಲುವ ಕಾಲ ಕೆಲವು ವರ್ಷ ಮುಂಚೆ ಬರಬಹುದು. ಸ್ರಾವವೇ ಇಲ್ಲದವಳಿಗೆ ಅದು ಬಂದದ್ದು ಗೊತ್ತಾಗುವುದು ಹೇಗೆ? ಬಿಸಿಯ ಝಳವೇ ಗುರುತು.

ಹೆಂಗಸರು ನನ್ನಲ್ಲಿ ಕೇಳುವ ಎರಡು ಪ್ರಶ್ನೆಗಳನ್ನೂ ಇಲ್ಲಿ ಹೇಳಬೇಕು. "ಇದನ್ನ ಕುದುರಿ ಮೂತ್ರದಿಂದ ಮಾಡ್ತಾರಂತ, ಹೌದೇನ್ರಿ?" ಒಂದು ಬಗೆಯದು ಹೌದು. 1942ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಪ್ರೆಮರಿನ್ ಗುಳಿಗೆಯ ಹೆಸರೇ ಗಬ್ಬದ ಕುದುರೆಯ ಮೂತ್ರ ಎಂಬ ಇಂಗ್ಲಿಷ್ ಪದಗಳ ತುಂಡುಗಳಿಂದ ಆದದ್ದು. ಆದರೆ ಎಸ್ಟ್ರಾಡಿಯಾಲ್ ಎಂಬುದನ್ನು ಸೋಯಾ, ಕಾಡುಗೆಣಸಿನಂಥ ಸಸ್ಯಗಳ ಸತ್ವದಿಂದ ತಯಾರಿಸುತ್ತಾರೆ. ಅದು ನಮ್ಮಲ್ಲೂ ಸಿಗುತ್ತದೆ. "ಎಸ್ಟ್ರಾಡಿಯಾಲ್ ಬರೆದುಕೊಡಿ" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಬೇರೆ ಮಾರ್ಗ ಇರುವಾಗ ಮನಸ್ಸಿಗೆ ಒಗ್ಗದ್ದನ್ನು ನುಂಗಬೇಕಿಲ್ಲ.

ಎರಡನೆಯದು: "ನಿಂತು ವರ್ಷದ ಮ್ಯಾಲ ಆಗಿತ್ತು, ಮತ್ತ ಕಾಣಿಸೇತಿ. ನಮಾಝ್ ಮಾಡಬಹುದೇನ್ರಿ?" ಇದು ಹೈಝೋ ಇಸ್ತಿಹಾಝೋ ಎಂದು ಆಲಿಮರನ್ನು ಕೇಳುವುದು ಸರಿಯೇ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಬಾರದು. ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ ಸ್ತ್ರೀರೋಗ ತಜ್ಞರ ಬಳಿ ಹೋಗಲೇಬೇಕು. ಗರ್ಭಕೋಶದ ಕ್ಯಾನ್ಸರ್ ಮೊದಲು ತೋರುವ ಗುರುತು ಇದೇ. ಆ ಹಂತದಲ್ಲಿ ಸಿಕ್ಕರೆ ಬಹುಪಾಲು ಗುಣವಾಗುತ್ತದೆ. ಹಾರ್ಮೋನ್ ಶುರು ಮಾಡಿದ ಮೊದಲ ಕೆಲವು ತಿಂಗಳು ಚೂರು ಕಾಣಿಸುವುದುಂಟು. ಆರು ತಿಂಗಳು ಮೀರಿದರೆ ಅದನ್ನೂ ತೋರಿಸಿ.

ಗಂಡಸರಿಗೂ ಇಂಥ ಜಾಹೀರಾತುಗಳಿವೆ, ಟೆಸ್ಟೋಸ್ಟಿರಾನ್ ಎಂದು. 65 ದಾಟಿದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಸ್ಸು ತುಸು ಸುಧಾರಿಸಿತು, ದಣಿವು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಮಕ್ಕಳು ಬೇಕೆನ್ನುವ ತರುಣರಂತೂ ಅದನ್ನು ಮುಟ್ಟಬಾರದು, ವೀರ್ಯಾಣುಗಳೇ ಕಡಿಮೆಯಾಗುತ್ತವೆ.

ಜಮಖಂಡಿಗೋ ಬಾಗಲಕೋಟೆಗೋ, ನಮ್ಮವರ ರೂಢಿಯಂತೆ ಮಿರಜಿಗೋ ಹೋಗುವಾಗ ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಅಂಡಾಶಯ ತೆಗೆದಿದ್ದಾರೋ ಬಿಟ್ಟಿದ್ದಾರೋ ಎಂಬುದು ಅದರಲ್ಲಿರುತ್ತದೆ. ಚೀಟಿ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಪ್ರತಿ ಕೇಳಿ, ಸಿಗದಿದ್ದರೆ ಹೊಸ ವೈದ್ಯರಿಗೆ ಅದನ್ನೇ ಹೇಳಿ. ಗುಪ್ತಾಂಗದ ಒಣಗುವಿಕೆ, ಉರಿಮೂತ್ರ ಇದ್ದರೆ ನಾಚದೆ ತಿಳಿಸಿ, ಅದಕ್ಕೆ ಅಲ್ಲಿಗಷ್ಟೇ ಹಚ್ಚುವ ಮುಲಾಮು ಬೇರೆಯೇ ಇದೆ. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ. ಗುಳಿಗೆ ಶುರುವಾದ ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುತ್ತಾ ಹೋಗಬೇಡಿ.