ಹಲ್ಲಿಗೊಂದು ಹೊಸ ಕಿರೀಟ

ಕಳೆದ ಗೋಕುಲಾಷ್ಟಮಿಯ ಮರುದಿನ ನಮ್ಮ ತಾಯಿಯವರು ಚಕ್ಕುಲಿ ಕಡಿಯುತ್ತಿದ್ದಾಗ ಬಾಯಲ್ಲಿ ಏನೋ 'ಟಕ್' ಎಂದಿತು. ಅಂಗೈಗೆ ಉಗುಳಿ ನೋಡಲಾಗಿ ಅಕ್ಕಿಕಾಳಿನಷ್ಟು ಗಾತ್ರದ ಬಿಳಿಯ ಚೂರು! ಹಲ್ಲೇ ಮುರಿಯಿತೆಂದು ಅವರು ಗಾಬರಿಗೊಂಡರು. ಆದರೆ ಮುರಿದದ್ದು ಹಲ್ಲಲ್ಲ. ಹದಿನೇಳು ವರ್ಷಗಳ ಹಿಂದೆ ಕೆಳದವಡೆಯ ಹಲ್ಲೊಂದಕ್ಕೆ ತೊಡಿಸಿದ್ದ ಪಿಂಗಾಣಿಯ ಹೊದಿಕೆ. ಜನರು ಇದನ್ನು 'ಕ್ಯಾಪ್' ಎನ್ನುವರು. ದಂತವೈದ್ಯರು 'ಕ್ರೌನ್' ಎನ್ನುವರು. ನಾವು ಕಿರೀಟವೆಂದೇ ಕರೆಯೋಣ.

"ನೋವಿಲ್ಲವಲ್ಲಪ್ಪ, ಇರಲಿ ಬಿಡು" ಎಂಬುದು ತಾಯಿಯವರ ತೀರ್ಮಾನವಾಗಿತ್ತು. ನೋವಿಲ್ಲದಿರುವುದೇನೋ ನಿಜ. ಬೇರಿನ ಚಿಕಿತ್ಸೆ ಮಾಡಿ ನರವನ್ನು ತೆಗೆದುಹಾಕಿದ ಹಲ್ಲದು. ನೋವೆಂಬ ಕಾವಲುಗಾರನೇ ಅಲ್ಲಿಲ್ಲ. ಆದುದರಿಂದ ಅವರನ್ನು ಒತ್ತಾಯಿಸಿ ದಂತವೈದ್ಯರ ಬಳಿಗೆ ಕರೆದೊಯ್ದೆವು. ವೈದ್ಯರು ಮೊದಲು ಕನ್ನಡಿ ಹಿಡಿದು ತೋರಿಸಿದ್ದು ಮುರಿದ ಕಿರೀಟವನ್ನಲ್ಲ, ಅದರ ಎದುರಿಗಿದ್ದ ಮೇಲ್ದವಡೆಯ ಸಹಜವಾದ ಹಲ್ಲನ್ನು. ಅದರ ತಲೆ ಸವೆದು ಚಪ್ಪಟೆಯಾಗಿತ್ತು. ಆ ಪಕ್ಕದಲ್ಲಿ ಅಗಿಯಲು ಉಳಿದಿದ್ದ ಮೇಲಿನ ದವಡೆಹಲ್ಲು ಅದೊಂದೇ.

ಹಳೆಯ ಕಿರೀಟವು ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಜಾತಿಯದು. ಇವೆರಡನ್ನು ಒಟ್ಟುಗೂಡಿಸುವುದು ಭೌತವಿಜ್ಞಾನದ ಸೊಗಸಾದ ಒಂದು ಸಮಸ್ಯೆ. ಪಿಂಗಾಣಿಯನ್ನು ಲೋಹದ ಮೇಲೆ ಲೇಪಿಸಿ 900 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಸುಡುವರು. ಆರುವಾಗ ಎರಡೂ ಕುಗ್ಗುತ್ತವೆ. ಕುಗ್ಗುವ ಪ್ರಮಾಣಗಳಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಪಿಂಗಾಣಿ ಸಿಡಿದುಹೋಗುವುದು. ಸಾಮಾನ್ಯ ಪಿಂಗಾಣಿಯ ವ್ಯಾಕೋಚನ ಲೋಹದ್ದಕ್ಕಿಂತ ಬಹಳ ಕಡಿಮೆ. ಲ್ಯೂಸೈಟ್ ಎಂಬ ಹರಳುಗಳು ಪಿಂಗಾಣಿಯಲ್ಲಿ ಮೂಡುವಂತೆ ಮಾಡಿ ಅದರ ವ್ಯಾಕೋಚನವನ್ನು ಲೋಹದ ಹತ್ತಿರಕ್ಕೆ ತರಲಾಯಿತು. 1962ರಲ್ಲಿ ಅಮೆರಿಕದಲ್ಲಿ ವೈನ್‌ಸ್ಟೈನ್ ಮತ್ತು ಕಾಟ್ಸ್ ಮೊದಲಾದವರು ಪಡೆದ ಪೇಟೆಂಟುಗಳು ಇಂತಹ ಕಿರೀಟಗಳಿಗೆ ದಾರಿ ಮಾಡಿಕೊಟ್ಟವು. ಆದರೆ ವ್ಯಾಕೋಚನಗಳು ಪೂರ್ಣವಾಗಿ ಸಮನಾಗಬಾರದು! ಲೋಹವು ತುಸು ಹೆಚ್ಚಾಗಿಯೇ ಕುಗ್ಗಬೇಕು. ಆಗ ಪಿಂಗಾಣಿ ಅದುಮಿದ ಸ್ಥಿತಿಯಲ್ಲಿ ಉಳಿಯುವುದು. ಎತ್ತಿನ ಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ತಣಿಸಿದರೆ ಮರ ಬಿಗಿಯುವುದಲ್ಲವೆ? ಹಾಗೆಯೇ ಇದು. ಅದುಮುವುದನ್ನು ಪಿಂಗಾಣಿ ಚೆನ್ನಾಗಿ ತಾಳಿಕೊಳ್ಳುವುದು, ಎಳೆತವನ್ನು ತಾಳದು. ಎಳೆತವುಂಟಾದ ಕಡೆ ಸಣ್ಣದೊಂದು ಬಿರುಕು ಹುಟ್ಟಿ, ವರ್ಷಗಟ್ಟಲೆ ಅಗಿದಂತೆಲ್ಲ ಬೆಳೆದು, ಒಂದು ದಿನ ಚಕ್ಕುಲಿಯ ನೆವದಿಂದ ಹೊರಬೀಳುವುದು.

ಬಿರುಕು ಬೆಳೆಯದಂತೆ ತಾನೇ ತಡೆಯುವ ಪಿಂಗಾಣಿ ಇದ್ದರೆ? ಅಂತಹದು ಜಿರ್ಕೋನಿಯ. ಇದು ಜಿರ್ಕೋನಿಯಮ್ ಲೋಹದ ಆಕ್ಸೈಡ್. ಸುಮಾರು 1170 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಇದರ ಹರಳುಗಳದು ಒಂದು ರೂಪ, ಅದಕ್ಕಿಂತ ಕೆಳಗೆ ಇನ್ನೊಂದು. ತಣಿದು ಎರಡನೆಯ ರೂಪಕ್ಕೆ ತಿರುಗುವಾಗ ಹರಳು ಶೇಕಡ 4ರಷ್ಟು ಉಬ್ಬುವುದರಿಂದ ಶುದ್ಧ ಜಿರ್ಕೋನಿಯ ತನ್ನನ್ನು ತಾನೇ ಒಡೆದುಕೊಳ್ಳುವುದು. ಸ್ವಲ್ಪ ಯಿಟ್ರಿಯಮ್ ಆಕ್ಸೈಡನ್ನು ಬೆರೆಸಿದರೆ ಮೊದಲ ರೂಪವೇ ಬಾಯಿಯ ಉಷ್ಣತೆಯಲ್ಲಿಯೂ ಉಳಿದುಕೊಳ್ಳುವುದು. ಆದರೆ ಅದು ಒಲ್ಲದ ಮನಸ್ಸಿನ ಉಳಿವು. ಬಿರುಕೊಂದು ಬಂದೊಡನೆ ಅದರ ತುದಿಯಲ್ಲಿರುವ ಹರಳುಗಳು ಎರಡನೆಯ ರೂಪಕ್ಕೆ ತಿರುಗಿ ಉಬ್ಬುತ್ತವೆ, ಬಿರುಕಿನ ಬಾಯನ್ನು ಹಿಸುಕಿಬಿಡುತ್ತವೆ. ದೋಷವೆನಿಸಿದ್ದ ಗುಣವೇ ಇಲ್ಲಿ ರಕ್ಷಣೆ! ರೂಪ ಬದಲಾವಣೆಯಿಂದ ಜಿರ್ಕೋನಿಯವನ್ನು ಹೀಗೆ ಬಲಪಡಿಸಬಹುದೆಂದು 1975ರಲ್ಲಿ ಆಸ್ಟ್ರೇಲಿಯದ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೊ ತೋರಿಸಿಕೊಟ್ಟರು. ಅವರು ಅದನ್ನು ಉಕ್ಕಿಗೆ ಹೋಲಿಸಿದ್ದು ಅತಿಶಯೋಕ್ತಿಯೇನಲ್ಲ.

ಇಲ್ಲಿ ನಮಗೊಂದು ಸಂದೇಹ ಬಂದಿತು, ವಾಚಕರಿಗೂ ಬಂದಿರಬಹುದು. ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಜಿರ್ಕೋನಿಯ ಮೂರು ಪಟ್ಟಿಗೂ ಮೀರಿ ಗಡಸು. ಪಿಂಗಾಣಿಯೇ ಎದುರು ಹಲ್ಲನ್ನು ಇಷ್ಟು ಸವೆಸಿದ್ದರೆ ಇದು ಉಳಿಸುವುದುಂಟೆ? ಉತ್ತರ ನಮ್ಮ ಹಳೆಯ ಅಡಿಗೆಮನೆಯಲ್ಲಿದೆ. ಬೀಸುಕಲ್ಲು ಬಳಸಿ ಬಳಸಿ ನುಣುಪಾದರೆ ರಾಗಿ ಹಿಟ್ಟಾಗದು. ಉಳಿಯಿಂದ ಅದರ ಮೈಯನ್ನು ಮತ್ತೆ ಒರಟು ಮಾಡಿಸುತ್ತಿದ್ದರು. ಕಲ್ಲಿನ ಗಡಸುತನ ಮಾತ್ರ ಅಂದೂ ಅಷ್ಟೆ, ಇಂದೂ ಅಷ್ಟೆ. ಸವೆಸುವುದು ಮುಖ್ಯವಾಗಿ ಒರಟುತನ. ಪಿಂಗಾಣಿಯ ಮೇಲಿನ ಗಾಜಿನಂತಹ ಹೊಳಪು ಸವೆದೊಡನೆ ಒಳಗಿನ ಒರಟು ಮೈ ಹೊರಬರುವುದು. ಚೆನ್ನಾಗಿ ನುಣುಪುಗೊಳಿಸಿದ ಜಿರ್ಕೋನಿಯವಾದರೋ ನುಣುಪಾಗಿಯೇ ಇರಬಲ್ಲದು. ಪ್ರಯೋಗಶಾಲೆಯ ಅಳತೆಗಳಲ್ಲಿ ಅದು ಎನಾಮಲನ್ನು ಪಿಂಗಾಣಿಗಿಂತ ಕಡಿಮೆಯಾಗಿ ಸವೆಸಿದೆ.

ಎದುರು ಹಲ್ಲಿನ ದೃಷ್ಟಿಯಿಂದ ನಮ್ಮ ಮೊದಲ ಮತ ಚಿನ್ನದ ಮಿಶ್ರಲೋಹಕ್ಕೇ. ಅದರ ಸವೆತ ಎನಾಮಲ್‌ಗೆ ಹತ್ತಿರ, ಒಡೆಯುವ ಭಯವಿಲ್ಲ, ತೆಳುವಾಗಿಯೂ ನಿಲ್ಲುವುದರಿಂದ ಹಲ್ಲನ್ನು ಕಡಿಮೆ ಅರೆದರೆ ಸಾಕು. 1907ರಲ್ಲಿ ಅಮೆರಿಕದ ಟ್ಯಾಗರ್ಟ್ ದಂತವೈದ್ಯರಿಗೆ ಪರಿಚಯಿಸಿದ ಮೇಣದ ಅಚ್ಚಿನ ಎರಕ ನಮ್ಮ ನಾಡಿಗೆ ಹೊಸದಲ್ಲ. ವಿಗ್ರಹಗಳಿಗಾಗಿ ಅದೇ ಬಗೆಯ ಎರಕವನ್ನು ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ವರ್ಣಿಸಿದೆ. ಆದರೆ ಚಿನ್ನದ ಬೆಲೆ ಕೇಳಿದೊಡನೆ ತಾಯಿಯವರು, "ಬಳೆಯಾದರೆ ಸೊಸೆಗಾದರೂ ಉಳಿದೀತು" ಎಂದು ಆ ಮಾತನ್ನು ಮುಗಿಸಿದರು. ಮುಂಬಲ್ಲುಗಳಿಗೆ ಅಂದವಾಗಿ ಒಪ್ಪುವ ಲಿಥಿಯಮ್ ಡೈಸಿಲಿಕೇಟ್ ಗಾಜುಪಿಂಗಾಣಿಯೂ ಉಂಟು. ಬಲದಲ್ಲಿ ಅದು ಜಿರ್ಕೋನಿಯದ ಅರ್ಧಕ್ಕಿಂತ ಕಡಿಮೆ.

ನಿಜವಾದ ಆತಂಕ ಕಾದಿದ್ದುದು ಹಳೆಯ ಕಿರೀಟವನ್ನು ತೆಗೆದಾಗ. ವಜ್ರದ ಪುಡಿಯ ಬೈರಿಗೆಯಿಂದ ಪಿಂಗಾಣಿಯನ್ನೂ ಟಂಗ್‌ಸ್ಟನ್ ಕಾರ್ಬೈಡಿನ ಬೈರಿಗೆಯಿಂದ ಲೋಹವನ್ನೂ ಸೀಳಿ ಬಿಡಿಸಿದರು. ಒಂದು ಅಂಚಿನಲ್ಲಿ ಸಿಮೆಂಟು ಕರಗಿ, ಒಳಗಿನ ಹಲ್ಲು ಕಂದಾಗಿ ಮೆತ್ತಗಾಗಿತ್ತು: ಹುಳುಕು! ಕಿರೀಟಕ್ಕೂ ಹಲ್ಲಿಗೂ ನಡುವಣ ಸಂದು 120 ಮೈಕ್ರೊಮೀಟರನ್ನು ಮೀರಬಾರದೆಂದು ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ 1971ರಲ್ಲಿ ಹೇಳಿದರು. ಅದು ತಲೆಗೂದಲಿಗಿಂತ ತುಸು ದಪ್ಪ. ಆದರೆ ಒಂದು ಮೈಕ್ರೊಮೀಟರಿನಷ್ಟು ಗಾತ್ರದ ಬ್ಯಾಕ್ಟೀರಿಯಕ್ಕೆ ಹೆಬ್ಬಾಗಿಲು. ಎಂತಹ ಬಲವಾದ ವಸ್ತುವಾದರೂ ಅಂಚು ಸರಿಯಿಲ್ಲದಿದ್ದರೆ ಕಿರೀಟ ಉಳಿದು ಹಲ್ಲು ಅಳಿಯುವುದು.

ಹುಳುಕನ್ನು ಕೆರೆದ ಮೇಲೆ ಎಷ್ಟು ಹಲ್ಲು ಉಳಿದೀತು? ವಸಡಿನ ಮೇಲೆ ಸುತ್ತಲೂ ಒಂದೂವರೆ, ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಬೇಕು. ಒನಕೆಯ ತುದಿಯನ್ನು ಕಬ್ಬಿಣದ ಬಳೆ ಬಿಗಿದು ಸೀಳದಂತೆ ಕಾಯುವ ಹಾಗೆ, ಕಿರೀಟ ಅದನ್ನು ಬಿಗಿದು ಹಿಡಿಯಬೇಕು. ವೈದ್ಯರು ಅಳೆದರು. ಮೂರು ಕಡೆ ಎರಡು ಮಿಲಿಮೀಟರಿಗೂ ಹೆಚ್ಚು. ಹುಳುಕಿದ್ದ ಕಡೆ ಒಂದೂವರೆ. ಇನ್ನೊಂದು ವರ್ಷ ತಡವಾಗಿದ್ದರೆ ಹಲ್ಲನ್ನು ಕೀಳದೆ ಗತ್ಯಂತರವಿರಲಿಲ್ಲವೆಂದರು. ತಾಯಿಯವರು ನಮ್ಮ ಮುಖವನ್ನು ನೋಡಿದರು, ಏನೂ ಹೇಳಲಿಲ್ಲ.

ಹದಿನೈದು ದಿನಗಳ ಮೇಲೆ ಜಿರ್ಕೋನಿಯದ ಕಿರೀಟ ಬಂದಿತು. ನೀಲಿ ಕಾಗದವನ್ನು ಕಚ್ಚಿಸಿ, ಗುರುತು ಬಿದ್ದ ಎತ್ತರಗಳನ್ನು ವೈದ್ಯರು ಅರೆದರು. ಅರೆದ ಜಾಗ ಒರಟಾಗುವುದಷ್ಟೆ? ಅದನ್ನು ನುಣುಪು ಮಾಡುವಿರೇ ಎಂದು ನಾವು ಕೇಳಬೇಕೆಂದಿರುವಷ್ಟರಲ್ಲಿಯೇ ಅವರು ವಜ್ರದ ಪುಡಿ ಬೆರೆತ ರಬ್ಬರಿನ ಚಕ್ರಗಳನ್ನು, ಒಂದಕ್ಕಿಂತ ಒಂದು ನಯವಾದುದನ್ನು, ಸಾಲಾಗಿ ಎದುರಿಗಿಟ್ಟುಕೊಂಡಿದ್ದರು. ಅರೆಯಲು ಎರಡು ನಿಮಿಷ ಹಿಡಿದಿತ್ತು. ನುಣುಪು ಮಾಡಲು ಹತ್ತು ನಿಮಿಷ ಹಿಡಿಯಿತು.